ಕೂಡಿ ನಡೆಯೋಣ, ಕಾಲು ತೊಳೆದು ಬರೋಣ

"ಬೆಳಗಿನಿಂದ ಸಂಜೆಯ ತನಕ ತೋಟದಲ್ಲಿ ಓಡಾಡುವ ನಮಗೆ ಬೇರೆ ನಡಿಗೆ ಏತಕ್ಕೆ?" ಎಂದು ನಮ್ಮಲ್ಲಿ ಅನೇಕರು ಕೇಳುವುದುಂಟು. ನಾನೂ ಹಾಗೆಯೇ ಹೇಳುತ್ತಿದ್ದವನು. ಆದರೆ ನಿಜ ಹೇಳುವುದಾದರೆ ಈಗ ತೋಟದಲ್ಲಿ ನಾವು ಎಷ್ಟು ನಡೆಯುತ್ತೇವೆ? ನೀರು ಬಿಡಲು ಪಂಪಿನ ಗುಂಡಿ ಒತ್ತಿದರಾಯಿತು, ಹುಲ್ಲು ಕೊಚ್ಚಲು ಯಂತ್ರ, ಅಂಗಡಿಗೆ ಹೋಗಲು ಸ್ಕೂಟರ್. ಮಕ್ಕಳು ದೂರದ ಊರುಗಳಲ್ಲಿ. ಮನೆಯಲ್ಲಿ ವಯಸ್ಸಾದ ಇಬ್ಬರು, ಜಗಲಿಯಲ್ಲಿ ಎರಡು ಕುರ್ಚಿ. ವಯಸ್ಕರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷವಾದರೂ ಬಿರುಸಾಗಿ ನಡೆಯುವಂಥ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಲೆಕ್ಕ ಅದರ ಅರ್ಧಕ್ಕೂ ಬರುತ್ತಿರಲಿಲ್ಲ.

2023 ರ ಸೆಪ್ಟೆಂಬರಿನಲ್ಲಿ ನಾನು ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ದಾದಿಯಾಗಿರುವ ಮಗಳ ಮನೆಗೆ ಹೋಗಿದ್ದೆ. ಎರಡು ವಾರ ಸೋಫಾದಲ್ಲಿ ಕುಳಿತ ನನ್ನನ್ನು ನೋಡಿ ಆಕೆ, "ಅಪ್ಪಾ, ಶನಿವಾರ ನೀವು ಕಾಡಿಗೆ ಹೋಗುತ್ತೀರಿ, ಹೆಸರು ಕೊಟ್ಟಾಗಿದೆ" ಎಂದಳು. ಅಲ್ಲಿನ ಒಂದು ನಡಿಗೆ ಕ್ಲಬ್ಬಿನವರ ಜತೆ ಒಂದು ದಿನದ ನಡಿಗೆ. ಆ ದಿನ ನಾನು ಕಲಿತದ್ದು ನನ್ನ ಮೊಣಕಾಲಿಗಿಂತಲೂ ನನ್ನ ತೋಟಕ್ಕೆ ಹೆಚ್ಚು ಉಪಕಾರವಾಯಿತು. ಆದುದರಿಂದ ಈ ಸಂಗತಿಯನ್ನು ವಾಚಕರ ಮುಂದಿಡುತ್ತಿದ್ದೇನೆ.

ಏನಿದು 'ಬುಷ್‌ವಾಕಿಂಗ್'?

ಆಸ್ಟ್ರೇಲಿಯದವರು ಕಾಡು, ಗುಡ್ಡ, ಕುರುಚಲು ಪ್ರದೇಶ ಎಲ್ಲವನ್ನೂ 'ಬುಷ್' ಎನ್ನುತ್ತಾರೆ. ಅದರಲ್ಲಿ ನಡೆಯುವುದೇ ಬುಷ್‌ವಾಕಿಂಗ್. ಇದಕ್ಕಾಗಿ ಅಲ್ಲಿ ಊರೂರಿಗೆ ಕ್ಲಬ್ಬುಗಳಿವೆ. ಸಿಡ್ನಿಯ ಮೈಲ್ಸ್ ಡನ್ಫಿ ಎಂಬವರು ಗೆಳೆಯರೊಡನೆ 1914 ರಲ್ಲಿ ಮೌಂಟನ್ ಟ್ರೇಲ್ಸ್ ಕ್ಲಬ್ ಕಟ್ಟಿದರು. 1927 ರಲ್ಲಿ ಸಿಡ್ನಿ ಬುಷ್ ವಾಕರ್ಸ್ ಹುಟ್ಟಿತು, ಅದರಲ್ಲಿ ಹೆಂಗಸರಿಗೂ ಸದಸ್ಯತ್ವವಿತ್ತು.

ಈ ಕ್ಲಬ್ಬುಗಳು ಬರೇ ಮೋಜಿನ ಕೂಟಗಳಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1931 ರ ಈಸ್ಟರ್ ರಜೆಯಲ್ಲಿ ಸಿಡ್ನಿ ಸಮೀಪದ ಬ್ಲೂ ಮೌಂಟನ್ಸ್ ಕಣಿವೆಯೊಂದರಲ್ಲಿ ನಡೆಯುತ್ತಿದ್ದವರಿಗೆ ಒಬ್ಬ ಕೃಷಿಕರು ಎದುರಾದರು. ಅಲ್ಲಿನ ನೀಲಗಿರಿ ಜಾತಿಯ ದೊಡ್ಡ ಮರಗಳನ್ನು ಕಡಿದು ಅಕ್ರೋಟು ನೆಡುವುದು ಅವರ ಯೋಜನೆಯಾಗಿತ್ತು. ಜಾಗ ಅವರ ಗೇಣಿಯಲ್ಲಿತ್ತು, ಬದುಕು ಅವರದು. ನಡಿಗೆಯವರು ಜಗಳಕ್ಕೆ ನಿಲ್ಲಲಿಲ್ಲ. ಕೂತು ಮಾತಾಡಿದರು, ಹಣ ಕೂಡಿಸಿದರು, 130 ಪೌಂಡು ಕೊಟ್ಟು ಗೇಣಿ ಹಕ್ಕನ್ನು ಬಿಡಿಸಿಕೊಂಡರು. 1932 ರಲ್ಲಿ ಆ ಕಾಡು ಸಾರ್ವಜನಿಕರಿಗೆ ಮೀಸಲಾಯಿತು. ಬ್ಲೂ ಗಮ್ ಫಾರೆಸ್ಟ್ ಎಂಬ ಹೆಸರಿನ ಆ ಕಾಡು ಈಗಲೂ ಇದೆ.

ನಾಲ್ವರಿಗಿಂತ ಕಡಿಮೆ ಇಲ್ಲ

ನಾನು ಹೋದ ದಿನ ನಾವು ಹದಿನೇಳು ಜನ, ಹನ್ನೆರಡು ಕಿಲೋಮೀಟರ್ ದಾರಿ. ಮುಂದಾಳು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಹೊರಡುವ ಮುಂಚೆ ಎಲ್ಲರ ಹೆಸರು ಬರೆದುಕೊಂಡರು, ತಲೆ ಎಣಿಸಿದರು, ಯಾರಿಗೆ ಯಾವ ಕಾಯಿಲೆ, ಯಾವ ಮಾತ್ರೆ ಎಂದು ಕೇಳಿದರು. ಪ್ರತಿಯೊಬ್ಬರ ಚೀಲದಲ್ಲೂ ಎರಡು ಲೀಟರ್ ನೀರು ಇದೆಯೇ ಎಂದು ನೋಡಿದರು. ಎಷ್ಟು ಗಂಟೆಗೆ ಹಿಂದಿರುಗುತ್ತೇವೆ ಎಂಬುದನ್ನು ಊರಲ್ಲಿರುವ ಒಬ್ಬರಿಗೆ ತಿಳಿಸಿಟ್ಟರು. ನಾಲ್ವರಿಗಿಂತ ಕಡಿಮೆ ಜನ ಇದ್ದರೆ ನಡಿಗೆಯೇ ಇಲ್ಲವಂತೆ. ಒಬ್ಬರಿಗೆ ಪೆಟ್ಟಾದರೆ ಒಬ್ಬರು ಹತ್ತಿರ ಕೂರಬೇಕು, ಇಬ್ಬರು ಜತೆಯಾಗಿ ಸಹಾಯ ತರಲು ಹೋಗಬೇಕು. ಎಂಥ ಸರಳ ಲೆಕ್ಕ ನೋಡಿ!

ಮುಂದಾಳನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಹಾಗೆಯೇ ಎಲ್ಲರ ಹಿಂದೆ ಒಬ್ಬ ಅನುಭವಸ್ಥರು ಬರುತ್ತಾರೆ, ಅವರಿಂದ ಹಿಂದೆ ಯಾರೂ ಉಳಿಯುವಂತಿಲ್ಲ. ದಾರಿ ಕವಲೊಡೆಯುವಲ್ಲೆಲ್ಲ ಎಲ್ಲರೂ ಬಂದು ಸೇರುವ ತನಕ ನಿಲ್ಲಬೇಕು. ನನ್ನ ಮೊಣಕಾಲಿನ ದೆಸೆಯಿಂದ ಒಂದು ಗಂಟೆಯೊಳಗೆ ನಾನು ಹಿಂದೆ ಬಿದ್ದೆ. "ನಾನೇ ಕೊನೆಯವನಾದೆನಲ್ಲ, ಕ್ಷಮಿಸಿ" ಎಂದೆ. ಹಿಂದಿದ್ದಾತ ನಕ್ಕು, "ಕೊನೆಯವನು ನಾನು, ಅದು ನನ್ನ ಕೆಲಸ. ನೀವು ಹೂ ನೋಡಿ" ಎಂದರು. ಅಲ್ಲಿ ಅದು ಕಾಡು ಹೂ ಬಿಡುವ ವಸಂತಕಾಲ.

ನಾವಿಬ್ಬರು ತಂಗುವ ಜಾಗ ಮುಟ್ಟಿದಾಗ ಉಳಿದವರು ಆಗಲೇ ಹತ್ತು ನಿಮಿಷ ದಣಿವಾರಿಸಿಕೊಂಡಿದ್ದರು. ಆದರೂ ಯಾರೂ ಏಳಲಿಲ್ಲ. ಹಿಂದಿನಿಂದ ಬಂದವನಿಗೂ ವಿಶ್ರಾಂತಿ ಸಿಕ್ಕಿದ ಮೇಲೆಯೇ ಹೊರಡುವುದು ಎಂಬುದು ಅವರ ಪದ್ಧತಿ. ನಿಧಾನ ನಡೆಯುವವನಿಗೆ ಎಲ್ಲರಿಗಿಂತ ಕಡಿಮೆ ವಿಶ್ರಾಂತಿ ಸಿಗುವ ಅನ್ಯಾಯವನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಕಾಡಿನ ಬಾಗಿಲಲ್ಲಿ ಬ್ರಷ್

ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಇದಕ್ಕೂ ಮುಂಚಿನ ಒಂದು ಸಂಗತಿ. ಕಾಡು ಹೊಗುವಲ್ಲಿ ಕಬ್ಬಿಣದ ಚೌಕಟ್ಟಿಗೆ ಗಡಸು ಬ್ರಷ್‌ಗಳನ್ನು ಜೋಡಿಸಿಟ್ಟಿದ್ದರು. ಹದಿನೇಳು ಜನರೂ ಸಾಲಾಗಿ ನಿಂತು ಬೂಟಿನ ಅಡಿಯ ಮಣ್ಣನ್ನು ಉಜ್ಜಿ ತೆಗೆದರು. ಮುಂದಾಳು ಅದರ ಮೇಲೆ ಸ್ಪಿರಿಟ್ ಸಿಂಪಡಿಸಿದರು. ಹಿಂದಿರುಗುವಾಗಲೂ ಅದೇ ಕ್ರಮ. ನಾವು ಮನೆಯೊಳಗೆ ಬರುವಾಗ ಕಾಲು ತೊಳೆಯುತ್ತೇವೆ, ಇವರು ಕಾಡಿನೊಳಗೆ ಹೋಗುವಾಗ! ಕಾರಣ ಕೇಳಿದೆ. "ಫೈಟೋಫ್ತೋರಾ" ಎಂದರು.

ಈ ಹೆಸರು ಅಡಿಕೆ ಬೆಳೆಯುವ ಯಾರಿಗೆ ಗೊತ್ತಿಲ್ಲ? ಗ್ರೀಕ್ ಭಾಷೆಯಲ್ಲಿ ಗಿಡನಾಶಕ ಎಂದು ಅರ್ಥ. 1845 ರಿಂದ ಐರ್ಲೆಂಡಿನ ಬಟಾಟೆಯನ್ನು ಕೊಳೆಯಿಸಿ ಸುಮಾರು 10 ಲಕ್ಷ ಜನ ಸಾಯಲು ಕಾರಣವಾದದ್ದು ಈ ಕುಲದ ಒಂದು ರೋಗಾಣು. ನಮ್ಮ ಅಡಿಕೆಯ ಕೊಳೆರೋಗಕ್ಕೂ ಇದೇ ಕುಲ ಕಾರಣವೆಂದು 1910 ರಲ್ಲಿ ವಿವರಿಸಿದವರು ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕಾಳುಮೆಣಸಿನ ಶೀಘ್ರ ಸೊರಗು ರೋಗವೂ ಇದೇ ಕುಟುಂಬದ್ದು.

ಪರ್ತ್ ಸುತ್ತಿನ ಕಾಡನ್ನು ಕಾಡುವುದು ಇದರ ಇನ್ನೊಂದು ಜಾತಿ. 1922 ರಲ್ಲಿ ಸುಮಾತ್ರದ ದಾಲ್ಚಿನ್ನಿ ಮರದಲ್ಲಿ ಮೊದಲು ವಿವರಿಸಿದ್ದರಿಂದ ಅದಕ್ಕೆ ಸಿನ್ನಮೋಮಿ ಎಂದು ಹೆಸರು. ಜಾರಾ ಎಂಬ ಬೆಲೆಬಾಳುವ ಮರಗಳು ಕಾರಣ ತಿಳಿಯದೆ ಒಣಗುವುದನ್ನು ಅಲ್ಲಿ 1920 ರ ದಶಕದಲ್ಲಿಯೇ ಗಮನಿಸಿದ್ದರು. ರೋಗಾಣು ಪತ್ತೆಯಾದದ್ದು 1960 ರ ದಶಕದಲ್ಲಿ. ಆ ಪ್ರದೇಶದ ಕಾಡುಗಿಡ ಜಾತಿಗಳಲ್ಲಿ ನೂರಕ್ಕೆ ಸುಮಾರು 40 ಇದಕ್ಕೆ ತುತ್ತಾಗಬಲ್ಲವು. ಇದು ಮಣ್ಣಿನ ನೀರಿನಲ್ಲಿ ಈಜುತ್ತದೆ, ಒದ್ದೆ ಮಣ್ಣಿನೊಡನೆ ಲಾರಿಯ ಚಕ್ರ, ಮನುಷ್ಯರ ಬೂಟು ಹತ್ತಿ ಊರಿಂದೂರಿಗೆ ಹೋಗುತ್ತದೆ. ಮದ್ದು ಕೊಟ್ಟು ನಿಧಾನ ಮಾಡಬಹುದು, ಒಮ್ಮೆ ನೆಲೆಯೂರಿದರೆ ಕಾಡಿನಿಂದ ಓಡಿಸಲಾಗದು.

ನನ್ನ ಬೂಟಿನ ಕಥೆ

ಇಷ್ಟು ಕೇಳಿ ನಾನು ಮೌನವಾದೆ. 2018 ರ ಮಳೆಗಾಲ ಯಾರಿಗೂ ಮರೆತಿರಲಿಕ್ಕಿಲ್ಲ. ಆಗ ಸಂಬಂಧಿಕರೊಬ್ಬರ ತೋಟದಲ್ಲಿ ಸೊರಗಿದ ಮೆಣಸಿನ ಬಳ್ಳಿಗಳನ್ನು ಕಿತ್ತು ಹಾಕಲು ನಾನು ಹೋಗಿದ್ದೆ. ಸಂಜೆ ಅದೇ ಕೆಸರಿನ ಗಂಬೂಟು, ಅದೇ ಪಿಕ್ಕಾಸು ಸಮೇತ ನೇರ ನನ್ನ ತೋಟಕ್ಕಿಳಿದೆ. ಮರುವರ್ಷದ ಮಳೆ ಮುಗಿಯುವಷ್ಟರಲ್ಲಿ ನನ್ನ 140 ಬಳ್ಳಿಗಳಲ್ಲಿ 60 ಸತ್ತವು. ಮೇಲಿನ ತೋಟದ ನೀರು ಹರಿದು ರೋಗ ಬಂತೆಂದು ನೆರೆಯ ಅಣ್ಣನ ಮೇಲೆ ಕೂಗಾಡಿದೆ. ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ರೋಗ ನೀರಿನಲ್ಲಿ ಬಂತೋ ಬೂಟಿನಲ್ಲಿ ಬಂತೋ ಈಗ ಯಾರೂ ಹೇಳಲಾರರು. ಆದರೆ ಆ ನಾಲ್ಕು ವರ್ಷದಲ್ಲಿ ಒಂದು ದಿನವಾದರೂ ನಾನು ನನ್ನ ಬೂಟಿನ ಮೇಲೆ ಸಂಶಯ ಪಟ್ಟಿರಲಿಲ್ಲ.

ಊರಿಗೆ ಬಂದ ಮೇಲೆ ಅಣ್ಣನ ಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. "ಕೂತುಕೊಳ್ಳಿ ಮಾರಾಯ್ರೆ, ಮೊದಲು ಚಾ ಕುಡಿಯಿರಿ" ಎಂದರು. ಈಗ ತಿಂಗಳಿಗೊಂದು ಆದಿತ್ಯವಾರ ಪೂಜೆ ಮುಗಿದ ಮೇಲೆ ನಾವು ಏಳೆಂಟು ಮಂದಿ ಕೂಡಿ ನಡೆಯುತ್ತೇವೆ. ಎಲ್ಲರ ಹಿಂದೆ ಬರುವವರು ಆ ಅಣ್ಣನೇ. ಕಳೆದ ಸಲ ಧರ್ಮತ್ತಡ್ಕ ಬಳಿಯ ಪೊಸಡಿಗುಂಪೆ ಹತ್ತಿ ಸಮುದ್ರ ನೋಡಿ ಬಂದೆವು.

ನೀವೂ ಹೊರಡುವುದಾದರೆ

1. ನಾಲ್ವರಾದರೂ ಇರಲಿ. ಮುಂದೆ ಒಬ್ಬರು, ಹಿಂದೆ ಒಬ್ಬರು ನಿಗದಿಯಾಗಲಿ. ಮನೆಯಲ್ಲಿ ಹೇಳಿ ಹೋಗಿ.

2. ದಶಂಬರದಿಂದ ಫೆಬ್ರವರಿಯ ಬೆಳಗಿನ ಹೊತ್ತು ಒಳ್ಳೆಯದು. ಮಳೆಗಾಲದಲ್ಲಿ ಪಾಚಿಗಟ್ಟಿದ ಮುರಕಲ್ಲು ಬಹಳ ಜಾರುತ್ತದೆ. ಗುಡುಗು ಕೇಳಿದರೆ ಗುಡ್ಡೆಯ ತುದಿಯಲ್ಲಿ ನಿಲ್ಲಬೇಡಿ. ರಾಣಿಪುರದಂಥ ಅರಣ್ಯಕ್ಕೆ ಇಲಾಖೆಯ ಅನುಮತಿ ಪಡೆದೇ ಹೋಗಿ.

3. ನೀರು, ಬಾಳೆಹಣ್ಣು, ಅವಲಕ್ಕಿ ಬೆಲ್ಲ ಸಾಕು. ಸಕ್ಕರೆ ಕಾಯಿಲೆಯವರು ಜೇಬಿನಲ್ಲಿ ಸಿಹಿ ಇಟ್ಟುಕೊಳ್ಳಲಿ. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿ ಹೊರಡಲಿ.

4. ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಬೇಡ. ಕಚ್ಚಿದ ಭಾಗವನ್ನು ಅಲುಗಾಡಿಸದೆ ಬೇಗನೆ ಆಸ್ಪತ್ರೆಗೆ ಒಯ್ಯಿರಿ.

5. ಇನ್ನೊಬ್ಬರ ತೋಟಕ್ಕೆ ಹೋಗಿ ಬಂದರೆ ಮೆಟ್ಟು, ಹಾರೆ, ಕತ್ತಿಗಳ ಮಣ್ಣನ್ನು ಅಲ್ಲಿಯೇ ಕೆರೆದು ತೊಳೆದು ಬನ್ನಿ. ರೋಗದ ಭಾಗಕ್ಕೆ ಹೋಗುವ ಕೆಲಸವನ್ನು ದಿನದ ಕೊನೆಗೆ ಇಟ್ಟುಕೊಳ್ಳಿ. ಸೊರಗಿದ ಬಳ್ಳಿಯನ್ನು ಬೇರು ಸಮೇತ ತೆಗೆದು ಸುಡಿ, ಬುಡದಲ್ಲಿ ನೀರು ನಿಲ್ಲದಂತೆ ಕಣಿ ಬಿಡಿಸಿ. ಮಳೆ ಹಿಡಿಯುವ ಮುಂಚೆ ಶೇಕಡಾ 1 ರ ಬೋರ್ಡೋ ದ್ರಾವಣ ಬಿಡುವುದನ್ನು ತಪ್ಪಿಸಬೇಡಿ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಅಡಿಕೆಯ ಕೊಳೆರೋಗ ಮುಖ್ಯವಾಗಿ ಮಳೆಹನಿ, ಗಾಳಿಯಲ್ಲಿ ಹರಡುವುದರಿಂದ ಕಾಲು ತೊಳೆದ ಮಾತ್ರಕ್ಕೆ ಅದು ನಿಲ್ಲದು, ಅದಕ್ಕೆ ಮದ್ದು ಬಿಡಲೇಬೇಕು. ಮೆಣಸಿನ ಸೊರಗು ರೋಗ ಮಾತ್ರ ಮಣ್ಣು ನೀರಿನ ಜತೆ ಬರುವಂಥದು.

ಹಿಂದೆ ನಮ್ಮ ಮನೆಗಳ ಮೆಟ್ಟಿಲ ಬಳಿ ಒಂದು ಕೊಪ್ಪರಿಗೆ ನೀರು, ಒಂದು ಚೆಂಬು ಇರುತ್ತಿತ್ತು. ಬಂದವರು ಕಾಲು ತೊಳೆದೇ ಒಳಗೆ ಬರುತ್ತಿದ್ದರು. ನಾನು ಈಗ ಅಂಥದೊಂದು ಬಾಲ್ದಿಯನ್ನೂ ಗಟ್ಟಿ ಬ್ರಷ್ಷನ್ನೂ ತೋಟದ ತಡಮೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಮೊದಲು ನಾನು ತೊಳೆಯುತ್ತೇನೆ, ಆಮೇಲೆ ಕೆಲಸಕ್ಕೆ ಬಂದವರಿಗೆ ಹೇಳುತ್ತೇನೆ. ಉಳಿದ 80 ಬಳ್ಳಿಗಳು ಈ ವರ್ಷದ ಮಳೆಯನ್ನೂ ದಾಟಿವೆ.