ಇದೇನು ಓಡುವ ವಯಸ್ಸೇ?

ನ್ಯೂಜಿಲೆಂಡ್‌ನ ರೊಟೊರುವಾ ಬಿಸಿನೀರಿನ ಬುಗ್ಗೆಗಳಿಗೂ ಸರೋವರಗಳಿಗೂ ಹೆಸರಾದ ಊರು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ 1932ರಲ್ಲಿ ಹುಟ್ಟಿ, ವಲಸೆ ಬಂದು ಈ ಊರಿನಲ್ಲಿ ನೆಲೆಸಿದ್ದ ಜ್ಯಾಕ್ ಫಾಸ್ಟರ್ ಒಂದು ದಿನ ಹೆಂಡತಿ ಮಕ್ಕಳೊಂದಿಗೆ ಹೊರಗೆ ಸುತ್ತಾಡಲು ಹೋಗಿದ್ದರು. ಆಗ ಅವರಿಗೆ 32 ವರ್ಷ. ಹಿಂದೆ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದ್ದ ಅವರಿಗೆ ಓಟವೇನೂ ಮಹಾ ವಿಷಯವಲ್ಲ ಅನ್ನಿಸಿರಬೇಕು. ‘ಸ್ವಲ್ಪ ಓಡಿ ಬರುತ್ತೇನೆ’ ಎಂದು ಹೊರಟರು. ಆರೇಳು ಮೈಲಿ ಓಡಿ ಮುಗಿಸಿದೆ ಎಂಬ ಭಾವನೆಯಲ್ಲಿ ಏದುಸಿರು ಬಿಡುತ್ತ ಹಿಂದಿರುಗಿದಾಗ ಹೆಂಡತಿ, ಏನನ್ನಾದರೂ ಮರೆತು ಬಂದಿರಾ ಎಂದು ಕೇಳಿದರಂತೆ. ಗಡಿಯಾರ ನೋಡಿದರೆ ಅವರು ಹೊರಟು ಏಳೇ ನಿಮಿಷವಾಗಿತ್ತು!

ಏಳು ನಿಮಿಷಕ್ಕೆ ಸುಸ್ತಾದ ಈ ಮನುಷ್ಯ 1972ರಲ್ಲಿ, ತಮ್ಮ 40ನೇ ವಯಸ್ಸಿನಲ್ಲಿ, ಮ್ಯೂನಿಕ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಎಂಟನೆಯವರಾಗಿ ಗುರಿ ಮುಟ್ಟಿದರು. 1974ರ ಜನವರಿಯಲ್ಲಿ ಕ್ರೈಸ್ಟ್‌ಚರ್ಚ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 2 ಗಂಟೆ 11 ನಿಮಿಷ 19 ಸೆಕೆಂಡುಗಳಲ್ಲಿ 42.195 ಕಿಲೋಮೀಟರ್ ಓಡಿ ಬೆಳ್ಳಿ ಪದಕ ಗೆದ್ದರು. ಆಗ ಅವರ ವಯಸ್ಸು 41. ನಲವತ್ತು ದಾಟಿದವರಲ್ಲಿ ಇದಕ್ಕಿಂತ ವೇಗವಾಗಿ ಓಡಿದವರು ಬರಲು 1990ರವರೆಗೆ ಕಾಯಬೇಕಾಯಿತು. ಆಗಲೂ ದಾಖಲೆ ಮುರಿದವರು ನ್ಯೂಜಿಲೆಂಡ್‌ನವರೇ ಆದ ಜಾನ್ ಕ್ಯಾಂಪ್‌ಬೆಲ್.

ಇಲ್ಲಿ ಪದಕಕ್ಕಿಂತ ಮುಖ್ಯವಾದದ್ದು ಏಳು ನಿಮಿಷದ ಆ ಓಟಕ್ಕೂ ಮ್ಯೂನಿಕ್‌ಗೂ ನಡುವಿನ ಎಂಟು ವರ್ಷ. ‘ತರಬೇತಿ’ ಎಂಬ ಮಾತೇ ಫಾಸ್ಟರ್‌ಗೆ ಹಿಡಿಸುತ್ತಿರಲಿಲ್ಲ. ದಿನಾ ಒಂದಿಷ್ಟು ಓಡಲು ಹೋಗುತ್ತೇನೆ, ಅಷ್ಟೇ ಎನ್ನುತ್ತಿದ್ದರು. ಕುರಿ ಮೇಯುವ ಗುಡ್ಡಗಳ ಹುಲ್ಲಿನ ಮೇಲೆ, ಸಂಸಾರ ನೌಕರಿಗಳ ನಡುವೆ, ಅವಸರವಿಲ್ಲದೆ ಓಡಿದವರು ಅವರು. ನಡುವಯಸ್ಸಿನಲ್ಲಿ ದೂರದ ಓಟಕ್ಕೆ ಇಳಿಯುವವರನ್ನು ಮನೆಗೆ ವಾಪಸು ಕಳಿಸುವುದು ಬಹುಪಾಲು ವಯಸ್ಸಲ್ಲ, ಅವಸರ.

ನಮ್ಮಲ್ಲಿ ನಲವತ್ತೈದರ ಅಪ್ಪ ಚಡ್ಡಿ ತೊಟ್ಟು ಬೀದಿಗಿಳಿದರೆ ‘ಏನ್ರೀ, ಬಸ್ ತಪ್ಪಿ ಹೋಯಿತಾ?’ ಎಂದು ಕೇಳುವವರೇ ಹೆಚ್ಚು. ಇದೇನು ಓಡುವ ವಯಸ್ಸೇ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ. ಪ್ರಶ್ನೆ ತಮಾಷೆಯದಾದರೂ ಅದಕ್ಕೆ ಶರೀರಶಾಸ್ತ್ರ ಕೊಡುವ ಉತ್ತರ ಗಂಭೀರವಾಗಿಯೇ ಇದೆ.

ಒಂದು ನಿಮಿಷದಲ್ಲಿ ದೇಹ ಹೆಚ್ಚೆಂದರೆ ಎಷ್ಟು ಆಮ್ಲಜನಕವನ್ನು ಬಳಸಿಕೊಳ್ಳಬಲ್ಲದು ಎಂಬುದು ದೂರದ ಓಟದ ಮುಖ್ಯ ಬಂಡವಾಳ. ಕುಳಿತೇ ಕೆಲಸ ಮಾಡುವವರಲ್ಲಿ ಇದು ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಇಳಿಯುತ್ತ ಹೋಗುತ್ತದೆ. ಬಿಡದೆ ಓಡುತ್ತಿರುವವರಲ್ಲಿ ಈ ಇಳಿತ ಹೆಚ್ಚುಕಡಿಮೆ ಅದರ ಅರ್ಧ. ಇನ್ನು, ಇಷ್ಟು ದಿನ ಕುಳಿತೇ ಇದ್ದವರು ನಲವತ್ತೈದರಲ್ಲಿ ಓಟ ಆರಂಭಿಸಿದರೆ ಕೆಲವೇ ತಿಂಗಳುಗಳಲ್ಲಿ ಶೇಕಡಾ 10ರಿಂದ 20ರಷ್ಟನ್ನು ಮರಳಿ ಗಳಿಸುವುದುಂಟು. ಅಂದರೆ ಕುರ್ಚಿಯಲ್ಲಿ ಕಳೆದ ಹತ್ತು ವರ್ಷಗಳ ನಷ್ಟ ವರ್ಷವೊಂದರಲ್ಲೇ ತುಂಬಿಬರಬಹುದು. ವಯಸ್ಸು ಮೊದಲು ಕಸಿದುಕೊಳ್ಳುವುದು ನೂರು, ಇನ್ನೂರು ಮೀಟರಿನ ವೇಗವನ್ನು. ತಾಳಿಕೆಗೆ ಅದು ಕೈಹಾಕುವುದು ನಿಧಾನವಾಗಿ. ಹದಿನೆಂಟರ ಮಗನೊಡನೆ ಬಸ್ ನಿಲ್ದಾಣದವರೆಗಿನ ಪಂದ್ಯದಲ್ಲಿ ಅಪ್ಪ ಸೋಲುವುದು ಖಂಡಿತ. ಹತ್ತು ಕಿಲೋಮೀಟರಿನ ಪಂದ್ಯವಾದರೆ ಮಗ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಅಮ್ಮಂದಿರ ಮಾತು ಬೇರೆ ಎನ್ನುವವರು ಬ್ರಿಟನ್ನಿನ ಪ್ರಿಸಿಲ್ಲಾ ವೆಲ್ಚ್ ಅವರ ಕಥೆ ಕೇಳಬೇಕು. 1944ರಲ್ಲಿ ಹುಟ್ಟಿದ ಈಕೆ ಸೇನಾಸೇವೆಯಲ್ಲಿದ್ದವರು, ದಿನಕ್ಕೊಂದು ಪ್ಯಾಕ್ ಸಿಗರೇಟು ಸೇದುತ್ತಿದ್ದವರು. ನಾರ್ವೆಯಲ್ಲಿ ಕೆಲಸದ ಮೇಲಿದ್ದಾಗ, ಮುಂದೆ ಪತಿಯೂ ತರಬೇತುದಾರರೂ ಆದ ಡೇವ್ ವೆಲ್ಚ್ ಅವರ ಒತ್ತಾಸೆಯಿಂದ ಓಡಲಾರಂಭಿಸಿದಾಗ ವಯಸ್ಸು ಮೂವತ್ತೈದರ ಹತ್ತಿರ. ಒಲಿಂಪಿಕ್ಸ್‌ನಲ್ಲಿ ಆಗ ಮಹಿಳೆಯರಿಗೆ ಮ್ಯಾರಥಾನ್ ಇರಲೇ ಇಲ್ಲ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಬಾರಿಗೆ ಅದು ಸೇರಿದಾಗ ವೆಲ್ಚ್ 39ರ ವಯಸ್ಸಿನಲ್ಲಿ ಆರನೆಯವರಾದರು. 1987ರಲ್ಲಿ ಲಂಡನ್‌ನಲ್ಲಿ 2 ಗಂಟೆ 26 ನಿಮಿಷ 51 ಸೆಕೆಂಡು. ಅದೇ ವರ್ಷ ನವೆಂಬರ್‌ನಲ್ಲಿ, 42ರ ವಯಸ್ಸಿನಲ್ಲಿ, ನ್ಯೂಯಾರ್ಕ್ ಮ್ಯಾರಥಾನ್‌ನಲ್ಲಿ ಮಹಿಳೆಯರ ಮೊದಲ ಸ್ಥಾನ! ನಲವತ್ತು ದಾಟಿದ ಮಹಿಳೆಯರಲ್ಲಿ ಅವರ ಲಂಡನ್ ಓಟವನ್ನು ಹಿಂದಿಕ್ಕುವವರು 2008ರವರೆಗೆ ಬರಲಿಲ್ಲ.

ಇವೆಲ್ಲ ಗೆದ್ದವರ ಕಥೆಗಳು. ಇಂಥವನ್ನೇ ಓದಿ ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಓಡಿಬಿಡುವುದರಲ್ಲಿ ಒಂದು ಅಪಾಯವಿದೆ. ಆ ಅಪಾಯಕ್ಕೂ ಒಂದು ಹೆಸರಿದೆ: ಜಿಮ್ ಫಿಕ್ಸ್.

ಅಮೆರಿಕದಲ್ಲಿ 1970ರ ದಶಕದಲ್ಲಿ ಓಟದ ಹುಚ್ಚು ಹಬ್ಬಿಸಿದವರಲ್ಲಿ ಫಿಕ್ಸ್ ಪ್ರಮುಖರು. 35ನೇ ವಯಸ್ಸಿನಲ್ಲಿ ಓಟ ಆರಂಭಿಸಿದಾಗ ಅವರ ತೂಕ ಸುಮಾರು 97 ಕಿಲೋ. ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದರು. ಓಡಿ ಓಡಿ ತೂಕ ಇಳಿಸಿದರು, ಸಿಗರೇಟು ಬಿಟ್ಟರು. 1977ರಲ್ಲಿ ಓಟದ ಕುರಿತು ಅವರು ಬರೆದ ಪುಸ್ತಕ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 1984ರ ಜುಲೈ 20ರಂದು ವರ್ಮಾಂಟ್ ರಾಜ್ಯದ ಹಳ್ಳಿದಾರಿಯೊಂದರಲ್ಲಿ ದಿನದ ಓಟಕ್ಕೆ ಹೋದ ಫಿಕ್ಸ್ ಅಲ್ಲೇ ಕುಸಿದು ತೀರಿಕೊಂಡರು. ವಯಸ್ಸು 52. ಶವಪರೀಕ್ಷೆಯಲ್ಲಿ ಹೃದಯದ ಒಂದು ರಕ್ತನಾಳ ಶೇಕಡಾ 95ರಷ್ಟು, ಮತ್ತೊಂದು ಶೇಕಡಾ 85ರಷ್ಟು, ಇನ್ನೊಂದು ಶೇಕಡಾ 70ರಷ್ಟು ಕಟ್ಟಿಕೊಂಡಿದ್ದು ಕಂಡುಬಂತು.

‘ನೋಡಿದಿರಾ, ಓಡಿದರೆ ಹೀಗಾಗುತ್ತದೆ’ ಎಂದು ಅಂದು ಹೇಳಿದವರು ಬಹಳ. ಅವರು ಮರೆತ ಸಂಗತಿ ಎಂದರೆ ಫಿಕ್ಸ್ ಅವರ ತಂದೆಗೆ 35ನೇ ವಯಸ್ಸಿಗೇ ಹೃದಯಾಘಾತವಾಗಿ, 43ಕ್ಕೆ ಅವರು ತೀರಿಕೊಂಡಿದ್ದರು. ಓಟದಿಂದಾಗಿಯೇ ಮಗ ಒಂಬತ್ತು ವರ್ಷ ಹೆಚ್ಚು ಬದುಕಿದರೆಂದು ವಾದಿಸುವವರೂ ಉಂಟು. ಈ ವಾದಕ್ಕೆ ತೀರ್ಮಾನ ಸಿಗುವಂತಿಲ್ಲ. ತೀರ್ಮಾನವಾಗಿರುವುದು ಇನ್ನೊಂದು ವಿಷಯ: ಸಾಯುವ ಕೆಲವು ತಿಂಗಳ ಮೊದಲು ಡಲ್ಲಾಸ್‌ಗೆ ಹೋಗಿದ್ದಾಗ, ವ್ಯಾಯಾಮ ವಿಜ್ಞಾನದಲ್ಲಿ ಹೆಸರು ಮಾಡಿದ ಡಾ. ಕೆನೆತ್ ಕೂಪರ್ ಅವರ ಕೇಂದ್ರದಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಳ್ಳುವಂತೆ ಬಂದ ಆಹ್ವಾನವನ್ನು ಫಿಕ್ಸ್ ಒಲ್ಲೆ ಎಂದಿದ್ದರು. ದಿನಕ್ಕೆ ಮೈಲಿಗಟ್ಟಲೆ ಓಡುವವನಿಗೆ ಪರೀಕ್ಷೆ ಯಾಕೆ ಎಂಬ ಧೈರ್ಯವೇ ಇದ್ದೀತು.

ಮೂವತ್ತೈದು ದಾಟಿದವರು ವ್ಯಾಯಾಮದ ವೇಳೆ ಹಠಾತ್ತನೆ ಸಾಯುವುದಕ್ಕೆ ಮುಖ್ಯ ಕಾರಣ ಹೃದಯದ ರಕ್ತನಾಳಗಳ ಕಾಯಿಲೆಯೇ. ಭಾರತೀಯರಲ್ಲಿ ಈ ಕಾಯಿಲೆ ಪಾಶ್ಚಾತ್ಯರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದ್ದರು. ಕೆಲವು ವಾರಗಳಲ್ಲಿ ಸಾಲು ಕರಗಿತು. ಓಟಕ್ಕೆ ಇಳಿಯುವವರು ಅಂಥ ಆಘಾತಕ್ಕಾಗಿ ಕಾಯಬೇಕಿಲ್ಲ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಬೇಕು. ಅಪ್ಪ, ಚಿಕ್ಕಪ್ಪ, ಸೋದರಮಾವ ಯಾರಾದರೂ ಎಳೆಯ ವಯಸ್ಸಿನಲ್ಲೇ ಹೃದಯಾಘಾತಕ್ಕೆ ಒಳಗಾಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ಸುಮ್ಮನೆ ಮಲಗಿದ್ದಾಗ ತೆಗೆದ ಇ.ಸಿ.ಜಿ. ಸರಿಯಿದೆ ಎಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಟ್ರೆಡ್‌ಮಿಲ್ ಪರೀಕ್ಷೆಯೂ ಎಲ್ಲವನ್ನೂ ಹಿಡಿಯಲಾರದು. ಆದ್ದರಿಂದ ಓಡುವಾಗ ಎದೆ ಬಿಗಿತ, ದವಡೆ ಅಥವಾ ತೋಳಿಗೆ ಹರಿಯುವ ನೋವು, ತಲೆಸುತ್ತು ಕಂಡರೆ ಅಲ್ಲೇ ನಿಲ್ಲಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ‘ಗ್ಯಾಸ್ಟ್ರಿಕ್ ಇರಬೇಕು ಬಿಡು’ ಎಂಬ ನಮ್ಮ ಮನೆಮಾತು ಎಷ್ಟು ಜನರ ಜೀವಕ್ಕೆ ಎರವಾಗಿದೆಯೋ!

ಹೃದಯ ಸರಿಯಿದೆ ಎಂದು ಗೊತ್ತಾದ ಮೇಲೆ ಬರುವುದು ಕಾಲಿನ ಸರದಿ. ಇಲ್ಲೇ ಅವಸರದ ಕಾಟ. ಓಟ ಆರಂಭಿಸಿದ ಆರೆಂಟು ವಾರಗಳಲ್ಲೇ ಉಸಿರು ಹಿಡಿತಕ್ಕೆ ಬರುತ್ತದೆ. ಸ್ನಾಯುಗಳೂ ಬೇಗ ಹೊಂದಿಕೊಳ್ಳುತ್ತವೆ. ಆದರೆ ಹಿಮ್ಮಡಿಯನ್ನು ಮೀನಖಂಡಕ್ಕೆ ಕಟ್ಟಿರುವ ದಪ್ಪ ಹುರಿಯಂಥ ಸ್ನಾಯುರಜ್ಜುವಿಗೆ ರಕ್ತದ ಪೂರೈಕೆ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮೊಣಕಾಲಿನ ಕೆಳಗಿನ ಮೂಳೆಯದೂ ಅದೇ ಪಾಡು. ಎದೆ ‘ಓಡು’ ಎನ್ನುವಾಗ ಕಾಲು ‘ತಡಿ’ ಎನ್ನುತ್ತಿರುತ್ತದೆ. ಎರಡನೇ ತಿಂಗಳಲ್ಲಿ ಹುರುಪು ಉಕ್ಕಿ ದೂರವನ್ನು ಒಮ್ಮೆಲೇ ದುಪ್ಪಟ್ಟು ಮಾಡಿದವರು ಮೂರನೇ ತಿಂಗಳಲ್ಲಿ ಹಿಮ್ಮಡಿಗೆ ಐಸ್ ಇಟ್ಟುಕೊಂಡು ಕುಳಿತಿರುತ್ತಾರೆ.

ಹಾಗಾಗಿ ಮೊದಲ ತಿಂಗಳು ಬಿರುಸಿನ ನಡಿಗೆಯೇ ಸಾಕು. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ದಿನ ಬಿಟ್ಟು ದಿನ. ವೇಗ ಎಷ್ಟಿರಬೇಕು? ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಆರು ತಿಂಗಳ ನಂತರ ಹತ್ತು ಕಿಲೋಮೀಟರ್, ವರ್ಷ ಒಂದೂವರೆ ವರ್ಷದ ನಂತರ ಮ್ಯಾರಥಾನ್ ಎಂದುಕೊಂಡರೆ ಅದೇನೂ ತಡವಲ್ಲ. ಮಂಡಿಗೆ ಮೊದಲೇ ತೊಂದರೆ ಇದ್ದವರು, ತೂಕ ಬಹಳ ಹೆಚ್ಚಿರುವವರು ಮೂಳೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಉಳಿದಂತೆ ‘ಓಡಿದರೆ ಮಂಡಿ ಸವೆಯುತ್ತದೆ’ ಎಂಬ ಭಯವನ್ನು ಹವ್ಯಾಸಿ ಓಟಗಾರರ ಮೇಲೆ ನಡೆದ ಅಧ್ಯಯನಗಳು ಎತ್ತಿಹಿಡಿದಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1984ರಿಂದ ಐವತ್ತು ದಾಟಿದ ಓಟಗಾರರ ಗುಂಪೊಂದನ್ನು, ಓಡದವರ ಗುಂಪೊಂದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. 2008ರಲ್ಲಿ ಪ್ರಕಟವಾದ ಅವರ ವರದಿಯಂತೆ 19 ವರ್ಷಗಳ ನಂತರ ಓಡದವರಲ್ಲಿ ಶೇಕಡಾ 34 ಮಂದಿ ತೀರಿಕೊಂಡಿದ್ದರೆ ಓಟಗಾರರಲ್ಲಿ ಶೇಕಡಾ 15. ಮೊದಲೇ ಆರೋಗ್ಯವಂತರಾಗಿದ್ದವರೇ ಓಟಗಾರರಾಗಿದ್ದಿರಬಹುದು ಎಂಬ ಅನುಮಾನಕ್ಕೆ ಇಲ್ಲಿ ಎಡೆಯಿದೆ. ಆ ಅನುಮಾನವನ್ನು ಕಳೆದರೂ ಅಂತರ ಪೂರ್ತಿ ಮಾಯವಾಗಲಿಲ್ಲ.

ಇನ್ನು ಮನೆಯ ವಿಚಾರ. ಓಟದ ಪುಸ್ತಕಗಳು ಇದನ್ನು ಬರೆಯುವುದು ಕಡಿಮೆ. ಮ್ಯಾರಥಾನ್‌ಗೆ ತಯಾರಾಗುವವರಿಗೆ ವಾರಕ್ಕೊಂದು ಉದ್ದದ ಓಟ ಬೇಕು. ಎರಡೂವರೆ, ಮೂರು ಗಂಟೆ. ಅದು ಬರುವುದು ಭಾನುವಾರ ಬೆಳಿಗ್ಗೆಯೇ. ಅಪ್ಪ ಹೋದರೆ ‘ಆರೋಗ್ಯಕ್ಕೆ’ ಎನ್ನುವ ಮನೆ, ಅಮ್ಮ ಹೊರಟರೆ ‘ತಿಂಡಿ?’ ಎಂದು ಕೇಳುತ್ತದೆ. ದೋಸೆ ಹುಯ್ಯಲು ಮಕ್ಕಳಿಗೂ ಬರುತ್ತದೆ, ಬಾರದಿದ್ದರೆ ಕಲಿಯಬಹುದು. ಪರೀಕ್ಷೆಯ ತಿಂಗಳಲ್ಲಿ ಓಟವನ್ನೂ ಓದನ್ನೂ ಹೇಗೆ ಹೊಂದಿಸುವುದೆಂದು ಎಲ್ಲರೂ ಕುಳಿತು ಮಾತಾಡಿಕೊಳ್ಳದಿದ್ದರೆ ಒಬ್ಬರ ಹವ್ಯಾಸ ಉಳಿದವರಿಗೆ ಮುನಿಸಾಗುತ್ತದೆ. ಮಕ್ಕಳು ಸೈಕಲ್ ಏರಿ ಜೊತೆಗೆ ಹೊರಟರಂತೂ ಬೀದಿನಾಯಿಗಳ ಕಾಟಕ್ಕೆ ಅರ್ಧ ಪರಿಹಾರ.

ಜಾಗಕ್ಕೆ ನಮ್ಮಲ್ಲಿ ತೀರ ಬರವೇನಿಲ್ಲ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಿವೆ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ರಂಗನತಿಟ್ಟಿನ ಬಳಿಯ ಕಾಲುವೆ ದಂಡೆಯ ಮಣ್ಣುದಾರಿಯಲ್ಲಿ ಕಾವೇರಿ ಟ್ರಯಲ್ ಮ್ಯಾರಥಾನ್ ನಡೆಯುತ್ತದೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ 2008ರಲ್ಲಿ, ಮುಂಬೈ ಮ್ಯಾರಥಾನ್ 2004ರಲ್ಲಿ ಆರಂಭವಾದವು. ಇಂಥ ದೊಡ್ಡ ಓಟಗಳಲ್ಲಿ ವಯಸ್ಸಿಗೆ ತಕ್ಕ ವಿಭಾಗಗಳಿರುವುದರಿಂದ ಐವತ್ತರವರು ಇಪ್ಪತ್ತರವರೊಡನೆ ಸೆಣಸಬೇಕಿಲ್ಲ.

ಊಟಕ್ಕೆ ಡಬ್ಬಿಯ ಪುಡಿಗಳು ಬೇಡ. ಇಡ್ಲಿ, ಮುದ್ದೆ, ಅನ್ನ, ಬಾಳೆಹಣ್ಣು ಸಾಕು. ಆದರೆ ಮ್ಯಾರಥಾನ್‌ನ ಒಂದು ಲೆಕ್ಕ ತಿಳಿದಿರಬೇಕು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟದ ದಾಸ್ತಾನು ಸುಮಾರು 30 ಕಿಲೋಮೀಟರಿಗೆ ಬರಿದಾಗುತ್ತ ಬರುತ್ತದೆ. ಓಟಗಾರರು ‘ಗೋಡೆ’ ಎನ್ನುವುದು ಇದನ್ನೇ. ಮೊದಲ ಹತ್ತು ಕಿಲೋಮೀಟರಿನಲ್ಲಿ ಹುಮ್ಮಸ್ಸಿನಿಂದ ಓಡಿದವರು ಆ ಗೋಡೆಗೆ ಬೇಗ ಡಿಕ್ಕಿ ಹೊಡೆಯುತ್ತಾರೆ. ನೀರಿನದು ಇನ್ನೊಂದು ಎಚ್ಚರಿಕೆ. ಬಾಯಾರಿಕೆ ಇಲ್ಲದಿದ್ದರೂ ಪ್ರತಿ ನಿಲ್ದಾಣದಲ್ಲಿ ಕುಡಿಯುತ್ತ ಹೋದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ ಪ್ರಾಣಕ್ಕೇ ಕುತ್ತು ಬರಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಮಂದಿಯಲ್ಲಿ ಶೇಕಡಾ 13ರಷ್ಟು ಜನರಲ್ಲಿ ಸೋಡಿಯಂ ಕಡಿಮೆಯಾಗಿತ್ತು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ದಾರಿಯಲ್ಲಿರುವವರಿಗೆ ಈ ಅಪಾಯ ಹೆಚ್ಚು. ನಡುವಯಸ್ಸಿನ ಹೊಸಬರು ಬಹುತೇಕ ಆ ಗುಂಪಿನವರೇ.

ನಿಧಾನದ ವಿದ್ಯೆಯನ್ನು ಕೊನೆಯವರೆಗೂ ಕೈಬಿಡದವರಲ್ಲಿ ಕೆನಡಾದ ಎಡ್ ವಿಟ್‌ಲಾಕ್ ಒಬ್ಬರು. ಗಣಿ ಎಂಜಿನಿಯರ್ ಆಗಿದ್ದ ಅವರು ಹುಡುಗನಾಗಿದ್ದಾಗ ಓಡಿ, ಬಿಟ್ಟು, ನಲವತ್ತರ ಸುಮಾರಿಗೆ ಮತ್ತೆ ಆರಂಭಿಸಿದವರು. 73ರ ವಯಸ್ಸಿನಲ್ಲಿ, 2004ರಲ್ಲಿ, 2 ಗಂಟೆ 54 ನಿಮಿಷ 48 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿದರು. 2016ರಲ್ಲಿ, 85ನೇ ವಯಸ್ಸಿನಲ್ಲಿ, ನಾಲ್ಕು ಗಂಟೆಯೊಳಗೆ ಮತ್ತೊಮ್ಮೆ ಓಡಿದರು. ಮರುವರ್ಷ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಅಭ್ಯಾಸವೆಲ್ಲ ನಡೆದದ್ದು ಮಿಲ್ಟನ್ ಎಂಬ ಊರಿನ ಸ್ಮಶಾನದೊಳಗೆ. ವಾಹನಗಳಿಲ್ಲ, ಮನೆಯೂ ಹತ್ತಿರ. ಅಲ್ಲಿನ ಕಿರುದಾರಿಯಲ್ಲಿ ಒಮ್ಮೊಮ್ಮೆ ಮೂರು ಮೂರು ಗಂಟೆ ಸುತ್ತು ಹಾಕುತ್ತಿದ್ದರು. ಎಷ್ಟು ಸುತ್ತು ಎಂಬ ಲೆಕ್ಕ ಇಡುತ್ತಿರಲಿಲ್ಲ. ನೋಡುತ್ತಿದ್ದುದು ಗಡಿಯಾರವನ್ನು ಮಾತ್ರ, ಅದೂ ಹೊತ್ತಾಯಿತೇ ಎಂದು ತಿಳಿಯಲು.