ಸಂತೋಷದ ಲೆಕ್ಕ ತಪ್ಪುವುದೆಲ್ಲಿ

ಸಂತೋಷವನ್ನು ಅಳೆಯಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ಅದರಲ್ಲಿ ಎರಡು ಬಗೆ ಇರುವುದು. ಈ ಗಳಿಗೆಯಲ್ಲಿ ಮನಸ್ಸು ಹೇಗಿದೆ ಎಂಬುದು ಒಂದು. ಒಟ್ಟಾರೆ ಬದುಕು ಹೇಗೆ ಸಾಗಿದೆ ಎಂದು ಕೇಳಿದಾಗ ಬರುವ ಉತ್ತರ ಇನ್ನೊಂದು. ಮಗಳ ಮದುವೆಗೆ ಓಡಾಡುತ್ತಿರುವ ತಂದೆಗೆ ಛತ್ರ, ಅಡುಗೆಯವರು, ಸಾಲ, ನಿದ್ದೆಗೇಡು ಇವುಗಳಲ್ಲೇ ತಿಂಗಳುಗಳು ಕಳೆಯುತ್ತವೆ. ಆದರೂ ಯಾರಾದರೂ ವಿಚಾರಿಸಿದರೆ ದೇವರು ಚೆನ್ನಾಗಿಟ್ಟಿದ್ದಾನೆ ಎನ್ನುತ್ತಾನೆ. ಅವನೇನೂ ಸುಳ್ಳು ಹೇಳುತ್ತಿಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳಿವೆ, ಅಷ್ಟೇ. ಸಂತೋಷದ ಬಗ್ಗೆ ಹುಟ್ಟುವ ಅರ್ಧಕ್ಕರ್ಧ ವಾದಗಳು ಇವೆರಡನ್ನು ಕಲಸಿಬಿಡುವುದರಿಂದಲೇ ಬೆಳೆದವು.

ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಏಣಿಯ ಪ್ರಶ್ನೆ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿವೆ. ತುದಿಯಲ್ಲಿರುವುದು ನಿಮಗೆ ಸಿಗಬಹುದಾದ ಅತಿ ಒಳ್ಳೆಯ ಬದುಕು, ಬುಡದಲ್ಲಿರುವುದು ಅತಿ ಕೆಟ್ಟದ್ದು. ಈಗ ನೀವು ನಿಂತಿರುವ ಮೆಟ್ಟಿಲು ಯಾವುದು? 2012ರಿಂದ ಹೊರಬರುತ್ತಿರುವ ವಿಶ್ವ ಸಂತೋಷ ವರದಿ ದೇಶಗಳಿಗೆ ಸ್ಥಾನ ಕೊಡುವುದು ಇದೊಂದೇ ಪ್ರಶ್ನೆಯ ಉತ್ತರದ ಮೇಲೆ. 2018ರಿಂದ 2025ರವರೆಗೆ ಪ್ರತಿ ವರ್ಷವೂ ಫಿನ್‌ಲೆಂಡ್‌ಗೇ ಮೊದಲ ಸ್ಥಾನ. ಭಾರತದ ಸ್ಥಾನ ನೂರರಾಚೆ. ವರದಿ ಬಂದ ಮರುದಿನ ಪತ್ರಿಕೆಗಳಲ್ಲಿ ಜಗತ್ತಿನಲ್ಲೇ ಅತಿ ಖುಷಿಯ ಜನ ಎಂಬ ತಲೆಬರಹ ಕಾಣುತ್ತದೆ. ಅದು ಪೂರ್ತಿ ಸರಿಯಲ್ಲ. ಏಣಿಗೆ ನಗು ಕಾಣಿಸುವುದಿಲ್ಲ. ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಆಸ್ಪತ್ರೆ, ಕೆಲಸ ಹೋದರೆ ಕೈಹಿಡಿಯುವ ವ್ಯವಸ್ಥೆ, ಲಂಚ ಕೇಳದ ಕಚೇರಿ, ನಂಬಬಹುದಾದ ನೆರೆಯವರು ಇವೆಲ್ಲ ಇದ್ದಾಗ ಹುಟ್ಟುವ ಧೈರ್ಯವನ್ನು ಅದು ಹಿಡಿಯುತ್ತದೆ.

ಗಳಿಗೆಯ ಖುಷಿಯನ್ನು ಹಿಡಿಯಲು ಬೇರೆ ಬಲೆ ಬೇಕು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಟೆಕ್ಸಸ್‌ನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನವನ್ನು ಸಿನಿಮಾದ ದೃಶ್ಯಗಳಂತೆ ತುಂಡು ತುಂಡಾಗಿ ಬರೆದು, ಪ್ರತಿ ತುಂಡಿನಲ್ಲೂ ಮನಸ್ಸು ಹೇಗಿತ್ತೆಂದು ಗುರುತಿಸಲು ಹೇಳಿದರು. ದಾಂಪತ್ಯದ ಸಾಮೀಪ್ಯ, ಕೆಲಸ ಮುಗಿದ ಮೇಲಿನ ಹರಟೆ, ಊಟ, ವಿಶ್ರಾಂತಿ ಮೇಲಿನ ಸಾಲಿಗೆ ಬಂದವು. ಬೆಳಗ್ಗೆ ಕೆಲಸಕ್ಕೆ ಹೋಗುವ ಪ್ರಯಾಣ ಎಲ್ಲಕ್ಕಿಂತ ಕೆಳಗೆ ಬಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಸುಸ್ತಾದ ಬೆಂಗಳೂರಿಗರಿಗೆ ಇದರಲ್ಲಿ ಹೊಸದೇನೂ ಇಲ್ಲ. ಹುಬ್ಬೇರಿಸುವಂತಿದ್ದುದು ಮಕ್ಕಳ ಆರೈಕೆಯ ಅಂಕ. ಟಿವಿ ನೋಡುವುದಕ್ಕಿಂತ, ಅಡುಗೆ ಮಾಡುವುದಕ್ಕಿಂತ ಅದು ಕೆಳಗಿತ್ತು. ಮಕ್ಕಳೇ ನನ್ನ ಸರ್ವಸ್ವ ಎನ್ನುವ ತಾಯಿಗೂ ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ಒಂದು ಕಾಲಿನ ಶೂ ಹುಡುಕುವ ಹತ್ತು ನಿಮಿಷ ಖುಷಿಯದ್ದಲ್ಲ. ಆ ಹತ್ತು ನಿಮಿಷದಿಂದ ಅವಳ ಮಾತು ಸುಳ್ಳಾಗುವುದೂ ಇಲ್ಲ.

ಹಣದ ವಿಷಯದಲ್ಲಿ ಈ ಎರಡು ಅಳತೆಗಳ ಗೊಂದಲ ಅರ್ಧ ಶತಮಾನದಿಂದ ನಡೆದಿದೆ. ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಒಂದು ಒಗಟನ್ನು ಮುಂದಿಟ್ಟರು. ಒಂದೇ ದೇಶದೊಳಗೆ ಶ್ರೀಮಂತರು ಬಡವರಿಗಿಂತ ಹೆಚ್ಚು ತೃಪ್ತರು. ಆದರೆ ಇಡೀ ದೇಶ ಶ್ರೀಮಂತವಾಗುತ್ತ ಹೋದರೂ ಅಲ್ಲಿನ ಜನರ ಸರಾಸರಿ ತೃಪ್ತಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಜನ ತಮ್ಮ ಸಂಬಳವನ್ನು ಅಳೆಯುವುದು ಪಕ್ಕದ ಮನೆಯವರ ಸಂಬಳದೊಂದಿಗೆ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು. ಎಲ್ಲರ ಮನೆಗೂ ಕಾರು ಬಂದಮೇಲೆ ಕಾರಿನ ಗತ್ತು ಉಳಿಯುವುದಿಲ್ಲ. ಈ ವಾದವನ್ನು ಒಪ್ಪದ ಅರ್ಥಶಾಸ್ತ್ರಜ್ಞರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ.

ಕಾಹ್ನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಸುಮಾರು 4.5 ಲಕ್ಷ ಉತ್ತರಗಳನ್ನು ಜಾಲಾಡಿ, ವರ್ಷಕ್ಕೆ 75,000 ಡಾಲರ್ ಆದಾಯದ ಆಚೆಗೆ ದಿನನಿತ್ಯದ ಖುಷಿ ಹೆಚ್ಚುವುದಿಲ್ಲ ಎಂದರು. ಬದುಕಿನ ಬಗೆಗಿನ ತೃಪ್ತಿ ಮಾತ್ರ ಆಚೆಗೂ ಏರುತ್ತಲೇ ಇತ್ತು ಎಂಬ ಅವರದೇ ಇನ್ನೊಂದು ಮಾತನ್ನು ಪ್ರಚಾರದ ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ 33,000ಕ್ಕೂ ಹೆಚ್ಚು ಜನರ ಮೊಬೈಲಿಗೆ ದಿನದ ನಡುನಡುವೆ ಪ್ರಶ್ನೆ ಕಳಿಸಿ, ಖುಷಿಯೂ ಏರುತ್ತಲೇ ಹೋಗುತ್ತದೆ ಎಂದು ತೋರಿಸಿದರು. ಆಮೇಲೆ ನಡೆದದ್ದು ವಿದ್ವಾಂಸರ ಲೋಕದಲ್ಲಿ ಅಪರೂಪ. ಕಾಹ್ನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಬಾರ್ಬರಾ ಮೆಲ್ಲರ್ಸ್ ಅವರನ್ನು ಮಧ್ಯಸ್ಥರನ್ನಾಗಿ ಕೂರಿಸಿಕೊಂಡು ಅಂಕಿಅಂಶಗಳನ್ನು ಜೊತೆಯಾಗಿ ಮತ್ತೆ ನೋಡಿದರು. 2023ರಲ್ಲಿ ಹೊರಬಂದ ತೀರ್ಮಾನದಂತೆ, ಬಹುಪಾಲು ಜನರ ಖುಷಿ ಆದಾಯದೊಂದಿಗೆ ಏರುತ್ತದೆ. ಅತಿ ದುಃಖಿಗಳಾದ ಐದರಲ್ಲೊಂದು ಪಾಲಿನವರಿಗೆ ಮಾತ್ರ ಒಂದು ಹಂತದ ನಂತರ ಹಣ ಕೆಲಸ ಮಾಡುವುದಿಲ್ಲ. ಸಾವಿನ ಶೋಕವನ್ನೋ ಮುರಿದ ಮನಸ್ಸನ್ನೋ ಸಂಬಳ ಹೆಚ್ಚಿಸಿ ಸರಿಪಡಿಸಲಾಗದು. ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಏರಿಕೆ ರೂಪಾಯಿಗಳಲ್ಲಿ ನಡೆಯುವುದಿಲ್ಲ, ಪಟ್ಟಿನಲ್ಲಿ ನಡೆಯುತ್ತದೆ. ತಿಂಗಳಿಗೆ 15 ಸಾವಿರ ಪಡೆಯುವವರಿಗೆ ಇನ್ನು 15 ಸಾವಿರ ಸಿಕ್ಕರೆ ಆಗುವ ವ್ಯತ್ಯಾಸಕ್ಕೆ, ಎರಡು ಲಕ್ಷದವರಿಗೆ ಇನ್ನೂ ಎರಡು ಲಕ್ಷ ಸಿಗಬೇಕು.

ಬಡತನದಲ್ಲೇ ನೆಮ್ಮದಿ ಎಂಬ ಮಾತು ಹೇಳುವವರಿಗೆ ಹಿತ. ರಾಬರ್ಟ್ ಬಿಸ್ವಾಸ್-ಡೀನರ್ ಮತ್ತು ಎಡ್ ಡೀನರ್ ಕೋಲ್ಕತ್ತದ ಕೊಳೆಗೇರಿ ನಿವಾಸಿಗಳು, ಫುಟ್‌ಪಾತಿನಲ್ಲಿ ಮಲಗುವವರು, ಲೈಂಗಿಕ ಕಾರ್ಯಕರ್ತೆಯರು ಹೀಗೆ 83 ಜನರನ್ನು ಮಾತನಾಡಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತನ್ನು ಪೂರ್ತಿ ಒಪ್ಪುವುದೂ ಇಲ್ಲ, ಪೂರ್ತಿ ತಳ್ಳುವುದೂ ಇಲ್ಲ. ಒಟ್ಟಾರೆ ಬದುಕಿನ ಬಗ್ಗೆ ಆ ಜನ ತುಸು ಅತೃಪ್ತರೇ. ಆದರೆ ಕುಟುಂಬ, ಸ್ನೇಹಿತರ ಬಗ್ಗೆ ಬಿಡಿಬಿಡಿಯಾಗಿ ಕೇಳಿದಾಗ ತೃಪ್ತಿಯ ಮಾತೇ ಬಂತು. ಮೂರು ಗುಂಪುಗಳಲ್ಲಿ ಹೆಚ್ಚು ತೃಪ್ತರಾಗಿದ್ದವರು ಕೊಳೆಗೇರಿಯವರು. ಸೂರೂ ಸುತ್ತಮುತ್ತ ತಮ್ಮವರೂ ಇದ್ದವರು ಅವರೇ.

ದಿಢೀರನೆ ಬಂದ ಹಣದ ಕಥೆಯನ್ನು ಎಲ್ಲರೂ ತಪ್ಪಾಗಿಯೇ ಹೇಳುತ್ತಾರೆ. ಫಿಲಿಪ್ ಬ್ರಿಕ್‌ಮನ್ ತಂಡ 1978ರಲ್ಲಿ ಇಲಿನಾಯ್ ರಾಜ್ಯದ 22 ಲಾಟರಿ ವಿಜೇತರನ್ನೂ ಅಪಘಾತದಲ್ಲಿ ಅಂಗಸ್ವಾಧೀನ ಕಳೆದುಕೊಂಡ 29 ಜನರನ್ನೂ ಹೋಲಿಸಿತು. ವಿಜೇತರು ಸಾಮಾನ್ಯರಿಗಿಂತ ಹೇಳಿಕೊಳ್ಳುವಷ್ಟೇನೂ ಖುಷಿಯಾಗಿರಲಿಲ್ಲ. ಹರಟೆ, ತಿಂಡಿಯಂಥ ಸಣ್ಣ ಸುಖಗಳು ಅವರಿಗೆ ಸಪ್ಪೆಯಾಗಿದ್ದವು. ಎರಡೂ ಗುಂಪಿನವರು ಕೊನೆಗೆ ಒಂದೇ ಮಟ್ಟಕ್ಕೆ ಬರುತ್ತಾರೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಅಧ್ಯಯನದಲ್ಲಿ ಹಾಗಿಲ್ಲ, ಅಪಘಾತಕ್ಕೊಳಗಾದವರ ಅಂಕ ಸ್ಪಷ್ಟವಾಗಿ ಕಡಿಮೆಯೇ ಇತ್ತು. ಸ್ವೀಡನ್ನಿನ ಲಾಟರಿ ವಿಜೇತರ ಮೇಲೆ ನಡೆದು 2020ರಲ್ಲಿ ಪ್ರಕಟವಾದ, ಇದಕ್ಕಿಂತ ಬಹಳ ದೊಡ್ಡ ಅಧ್ಯಯನದಲ್ಲಿ ಬಹುಮಾನದಿಂದ ಏರಿದ ತೃಪ್ತಿ ಹತ್ತು ವರ್ಷ ಕಳೆದರೂ ಇಳಿದಿರಲಿಲ್ಲ. ಗಳಿಗೆಯ ಖುಷಿಯಲ್ಲಿ ಮಾತ್ರ ಏರಿಕೆ ಅಲ್ಪ.

ಮನಸ್ಸು ಒಗ್ಗಿಕೊಳ್ಳುತ್ತದೆ ಎಂಬುದು ನಿಜವಾದರೂ ಎಲ್ಲಕ್ಕೂ ಒಗ್ಗುವುದಿಲ್ಲ. ಜರ್ಮನಿಯಲ್ಲಿ 1984ರಿಂದ ಅವೇ ಮನೆಗಳನ್ನು ವರ್ಷ ವರ್ಷವೂ ವಿಚಾರಿಸುತ್ತ ಬಂದ ಸಮೀಕ್ಷೆಯಲ್ಲಿ, ಮದುವೆಯ ಉಬ್ಬರ ಸರಾಸರಿ ಎರಡು ವರ್ಷಗಳಲ್ಲಿ ಇಳಿದು ಹಳೆಯ ಮಟ್ಟಕ್ಕೆ ಬಂದಿತ್ತು. ಕೆಲಸ ಕಳೆದುಕೊಂಡವರ ಕಥೆ ಬೇರೆ. ಮತ್ತೆ ಕೆಲಸ ಸಿಕ್ಕ ಮೇಲೂ ಅವರ ತೃಪ್ತಿ ಹಿಂದಿನ ಮಟ್ಟ ಮುಟ್ಟಲಿಲ್ಲ. ಹೋದದ್ದು ಸಂಬಳ ಮಾತ್ರವಾಗಿದ್ದರೆ ಹೀಗಾಗುತ್ತಿರಲಿಲ್ಲ. ಹುಟ್ಟುಗುಣಕ್ಕೂ ಇದರಲ್ಲಿ ಪಾಲಿದೆ. ಡೇವಿಡ್ ಲಿಕೆನ್ ಮತ್ತು ಔಕೆ ಟೆಲ್ಲೆಗೆನ್ 1996ರಲ್ಲಿ ಪ್ರಕಟಿಸಿದ ಅವಳಿಗಳ ಅಧ್ಯಯನ ಅದನ್ನು ತೋರಿಸಿಕೊಟ್ಟಿತು.

ಇಷ್ಟೆಲ್ಲ ಸೋಸಿದ ಮೇಲೆ ಬಹುತೇಕ ಎಲ್ಲ ಅಧ್ಯಯನಗಳಲ್ಲೂ ಗಟ್ಟಿಯಾಗಿ ಉಳಿಯುವ ಕಾಳು ಒಂದೇ, ಜನರ ಒಡನಾಟ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಆರಂಭವಾದ ಅಧ್ಯಯನ 268 ವಿದ್ಯಾರ್ಥಿಗಳನ್ನು ಮುಪ್ಪಿನವರೆಗೂ ಹಿಂಬಾಲಿಸಿತು. ಅವರಲ್ಲೊಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಎಫ್. ಕೆನಡಿ. ಬಾಸ್ಟನ್ನಿನ ಬಡ ಬಡಾವಣೆಗಳ 456 ಹುಡುಗರನ್ನೂ ಇದರೊಂದಿಗೆ ಸೇರಿಸಲಾಯಿತು. ಎಂಬತ್ತರ ವಯಸ್ಸಿನಲ್ಲಿ ಯಾರ ಆರೋಗ್ಯ ಚೆನ್ನಾಗಿದ್ದೀತು ಎಂದು ಐವತ್ತನೆಯ ವಯಸ್ಸಿನಲ್ಲೇ ಊಹಿಸಲು ಕೊಲೆಸ್ಟರಾಲಿಗಿಂತ ಹೆಚ್ಚು ನೆರವಾದದ್ದು ಸಂಬಂಧಗಳ ಬಗೆಗಿನ ತೃಪ್ತಿ ಎಂದು ಈಗಿನ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಹೇಳುತ್ತಾರೆ. ಮೊದಲ ತಲೆಮಾರಿನವರೆಲ್ಲ ಬಿಳಿಯ ಗಂಡಸರೇ ಎಂಬ ಕೊರತೆಯನ್ನು ಮರೆಯುವಂತಿಲ್ಲ.

ಒಡನಾಟದ ಮಹತ್ವ ಜನರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಬೆರೆಯುವ ಗಳಿಗೆ ಬಂದಾಗ ಅವರ ಊಹೆ ತಪ್ಪುತ್ತದೆ. ಷಿಕಾಗೋದ ಸ್ಥಳೀಯ ರೈಲಿನಲ್ಲಿ ದಿನವೂ ಓಡಾಡುವವರಿಗೆ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಒಂದು ಕೆಲಸ ಕೊಟ್ಟರು. ಕೆಲವರು ಪಕ್ಕದ ಅಪರಿಚಿತರನ್ನು ಮಾತಿಗೆಳೆಯಬೇಕು, ಕೆಲವರು ಸುಮ್ಮನೆ ತಮ್ಮಷ್ಟಕ್ಕೆ ಕೂರಬೇಕು, ಇನ್ನು ಕೆಲವರು ಎಂದಿನಂತಿರಬೇಕು. ಮಾತನಾಡುವುದು ಕಿರಿಕಿರಿ ಎಂದೇ ಮೊದಲು ಕೇಳಿದಾಗ ಜನರ ಅಂದಾಜು. ಪ್ರಯಾಣ ಮುಗಿದಾಗ ಹೆಚ್ಚು ಹಿತವಾಗಿದ್ದದ್ದು ಮಾತನಾಡಿದವರಿಗೇ. 2014ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಮ್ಮ ಪ್ಯಾಸೆಂಜರ್ ರೈಲುಗಳಲ್ಲಿ ಒಂದು ಕಾಲಕ್ಕೆ ನಡೆಸುವಂತೆಯೇ ಇರಲಿಲ್ಲ. ಸುಮ್ಮನೆ ಕೂರಬೇಕಾದ ಗುಂಪಿನವರನ್ನು ಯಾವೂರು, ಯಾರ ಪೈಕಿ ಎಂದು ಕೇಳಿ ಮೂರನೆಯ ಸ್ಟೇಷನ್ನಿನೊಳಗೆ ಮಾತಿಗೆಳೆದುಬಿಡುತ್ತಿದ್ದರು. ಎಲಿಜಬೆತ್ ಡನ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬೆಳಗ್ಗೆ 5 ಅಥವಾ 20 ಡಾಲರಿನ ಲಕೋಟೆ ಕೊಟ್ಟು, ತಮಗಾಗಿ ಇಲ್ಲವೇ ಬೇರೆಯವರಿಗಾಗಿ ಸಂಜೆಯೊಳಗೆ ಖರ್ಚು ಮಾಡಿಸಿದಾಗಲೂ ಊಹೆ ತಲೆಕೆಳಗಾಯಿತು. ಬೇರೆಯವರಿಗಾಗಿ ಖರ್ಚು ಮಾಡಿದವರು ಹೆಚ್ಚು ಖುಷಿಯಲ್ಲಿದ್ದರು, ಮೊತ್ತ ಎಷ್ಟೆಂಬುದು ಲೆಕ್ಕಕ್ಕೇ ಬರಲಿಲ್ಲ.

ಸಂತೋಷದಿಂದ ಆಯಸ್ಸು ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಅತಿ ಸೊಗಸಾದ ಸಾಕ್ಷ್ಯ ಸಿಕ್ಕಿದ್ದು ಅಮೆರಿಕದ ಕ್ರೈಸ್ತ ಸನ್ಯಾಸಿನಿಯರಿಂದ. ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ್ ದಾಮ್ ಎಂಬ ಸಂಘದಲ್ಲಿ ವ್ರತ ಸ್ವೀಕರಿಸುವ ಮುನ್ನ ಪ್ರತಿಯೊಬ್ಬ ಯುವತಿಯೂ ಒಂದೇ ಹಾಳೆಯಲ್ಲಿ, 200ರಿಂದ 300 ಪದಗಳಲ್ಲಿ ತನ್ನ ಕಥೆ ಬರೆದುಕೊಡಬೇಕಿತ್ತು. ಬರೆದಾಗ ಅವರ ಸರಾಸರಿ ವಯಸ್ಸು 22. ಹಾಳೆಗಳು ಕಡತಗಳಲ್ಲಿ ದಶಕಗಟ್ಟಲೆ ಉಳಿದವು. ಡೆಬೊರಾ ಡ್ಯಾನರ್, ಡೇವಿಡ್ ಸ್ನೋಡನ್ ಮತ್ತು ವ್ಯಾಲೇಸ್ ಫ್ರೀಸನ್ ಅಂಥ 180 ಬರಹಗಳಲ್ಲಿ ಖುಷಿ, ಕೃತಜ್ಞತೆ, ಭರವಸೆ ಸೂಚಿಸುವ ವಾಕ್ಯಗಳನ್ನು ಎಣಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಥ ವಾಕ್ಯಗಳು ಹೆಚ್ಚಿದ್ದ ಕಾಲು ಭಾಗದವರು, ಅತಿ ಕಡಿಮೆ ಇದ್ದ ಕಾಲು ಭಾಗದವರಿಗಿಂತ ಸುಮಾರು ಏಳು ವರ್ಷ ಹೆಚ್ಚು ಬದುಕಿದ್ದರು. ಒಂದೇ ಸಂಘ, ಒಂದೇ ಬಗೆಯ ಊಟ, ಒಂದೇ ಬಗೆಯ ದುಡಿಮೆ, ಧೂಮಪಾನವಿಲ್ಲ, ಹೆರಿಗೆಯಿಲ್ಲ. ಪ್ರಯೋಗಾಲಯದಲ್ಲೂ ಇಷ್ಟು ಒಂದೇ ಹದದ ಬದುಕುಗಳನ್ನು ಜೋಡಿಸುವುದು ಕಷ್ಟ.

ಪಿಟ್ಸ್‌ಬರ್ಗ್‌ನಲ್ಲಿ ಶೆಲ್ಡನ್ ಕೋಹೆನ್ ಹಿಡಿದದ್ದು ಇನ್ನೂ ನೇರ ದಾರಿ. 334 ಆರೋಗ್ಯವಂತ ಸ್ವಯಂಸೇವಕರಿಗೆ ಹಲವು ಸಂಜೆ ಫೋನ್ ಮಾಡಿ ಅಂದಿನ ಮನಸ್ಥಿತಿ ಬರೆದುಕೊಂಡ ಮೇಲೆ, ನೆಗಡಿಯ ವೈರಾಣುವಿದ್ದ ಹನಿಗಳನ್ನು ಅವರ ಮೂಗಿಗೆ ಬಿಟ್ಟು ಪ್ರತ್ಯೇಕವಾಗಿ ಇರಿಸಿದರು. ನೆಗಡಿ ಎಂಬ ಮಾತನ್ನಷ್ಟೇ ನಂಬದೆ, ಮೂಗೊರೆಸಿದ ಕಾಗದಗಳನ್ನು ಒಟ್ಟುಮಾಡಿ ತೂಗಿ ಸಿಂಬಳದ ಲೆಕ್ಕ ಇಟ್ಟರು. ವಿಜ್ಞಾನಕ್ಕೆ ಹೇಸಿಗೆಯಿಲ್ಲ. 2003ರ ಈ ಅಧ್ಯಯನದಲ್ಲಿ ಉಲ್ಲಾಸ ಕಡಿಮೆಯಿದ್ದ ಮೂರನೇ ಒಂದು ಭಾಗದವರಿಗೆ ನೆಗಡಿ ಬರುವ ಸಾಧ್ಯತೆ ಉಲ್ಲಾಸಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಇದಕ್ಕೆ ಕಾರಣಗಳನ್ನು ಊಹಿಸಬಹುದು. ದೀರ್ಘ ಒತ್ತಡದಲ್ಲಿ ಕಾರ್ಟಿಸಾಲ್ ಹಾರ್ಮೋನು ಏರಿರುತ್ತದೆ, ಉರಿಯೂತ ಹೆಚ್ಚುತ್ತದೆ, ರೋಗನಿರೋಧಕ ವ್ಯವಸ್ಥೆಯ ಹತೋಟಿ ತಪ್ಪುತ್ತದೆ. ಉಲ್ಲಾಸದಲ್ಲಿರುವವರು ಚೆನ್ನಾಗಿ ನಿದ್ದೆ ಮಾಡುತ್ತಾರೆ, ನಡೆದಾಡುತ್ತಾರೆ, ಮಾತ್ರೆ ಮರೆಯುವುದಿಲ್ಲ.

ಹಾಗೆಂದು ನಗು ನೂರು ರೋಗಕ್ಕೆ ಮದ್ದು ಎಂದುಬಿಡುವುದು ಅವಸರವಾದೀತು. ಬ್ರಿಟನ್ನಿನ ಏಳು ಲಕ್ಷಕ್ಕೂ ಹೆಚ್ಚು ನಡುವಯಸ್ಸಿನ ಮಹಿಳೆಯರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವನ್ನು ಬೆಟ್ ಲಿಯು, ರಿಚರ್ಡ್ ಪೀಟೊ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದರು. ಮೇಲ್ನೋಟಕ್ಕೆ ದುಃಖಿಗಳು ಬೇಗ ಸತ್ತಿದ್ದರು. ಆದರೆ ಮೊದಲೇ ಇದ್ದ ಕಾಯಿಲೆ, ಧೂಮಪಾನ ಮುಂತಾದವನ್ನು ಲೆಕ್ಕದಿಂದ ಕಳೆದಾಗ ವ್ಯತ್ಯಾಸ ಮಾಯವಾಯಿತು. ಕಾಯಿಲೆ ಮನುಷ್ಯನನ್ನು ದುಃಖಕ್ಕೂ ತಳ್ಳುತ್ತದೆ, ಸಾವಿಗೂ ತಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ದುಃಖವೇ ಕೊಂದಂತೆ ಕಾಣುತ್ತದೆ. ಧೂಮಪಾನವನ್ನು ಕಳೆದದ್ದು ಸರಿಯೇ, ಬೇಸರದಿಂದಲೇ ಬೀಡಿ ಹಚ್ಚುವವರಿಲ್ಲವೇ ಎಂಬ ಆಕ್ಷೇಪ ಉಳಿಯುತ್ತದೆ, ಅದು ನ್ಯಾಯವಾದದ್ದೇ. ಒಡನಾಟದ ಪುರಾವೆ ಇದಕ್ಕಿಂತ ಗಟ್ಟಿ. ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ 2010ರಲ್ಲಿ 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಮಾಡಿದಾಗ, ಬಲವಾದ ಸಂಬಂಧಗಳಿದ್ದವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚು ಎಂದು ಕಂಡಿತು.

ಸಂತೋಷವನ್ನೇ ಗುರಿಯಾಗಿಟ್ಟುಕೊಂಡು ಬೆನ್ನು ಹತ್ತಿದರೆ ಅದು ಕೈಗೆ ಸಿಗುವುದು ಕಷ್ಟ. ಐರಿಸ್ ಮಾಸ್ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಂತೋಷದ ಮಹತ್ವ ಸಾರುವ ಲೇಖನ ಓದಿಸಿ ಆಮೇಲೆ ಖುಷಿಯ ಸಿನಿಮಾ ತುಣುಕು ತೋರಿಸಿದಾಗ, ಆ ಲೇಖನ ಓದಿದ ಮಹಿಳೆಯರಿಗೆ ಓದದವರಿಗಿಂತ ಕಡಿಮೆ ಖುಷಿಯಾಯಿತು. ತಾನು ಸಾಕಷ್ಟು ಖುಷಿಯಾಗಿದ್ದೇನೆಯೇ ಎಂಬ ತಪಾಸಣೆಯೇ ಅಡ್ಡ ಬರುತ್ತದೆ. ಇಂಥ ಲೇಖನ ಬರೆಯುವವರಿಗೆ ಇದು ತುಸು ಮುಜುಗರದ ಸಂಗತಿ.

ಈ ಎಲ್ಲ ಮಾತುಗಳು ಅನ್ವಯಿಸುವುದು ದಿನನಿತ್ಯದ ಏರಿಳಿತಗಳಿಗೆ. ಖಿನ್ನತೆ ಬೇರೆಯೇ ಸಂಗತಿ. ಎರಡು ವಾರ ಮೀರಿ ಮನಸ್ಸು ಕುಗ್ಗಿಯೇ ಇದ್ದು, ನಿದ್ದೆ, ಹಸಿವು, ಕೆಲಸದ ಆಸಕ್ತಿ ಕೆಟ್ಟಿದ್ದರೆ ನಾಲ್ಕು ಜನರ ಜೊತೆ ಬೆರೆ, ಎಲ್ಲ ಸರಿಹೋಗುತ್ತದೆ ಎಂಬ ಉಪದೇಶದಿಂದ ಉಪಯೋಗವಿಲ್ಲ. ಅದಕ್ಕೆ ಚಿಕಿತ್ಸೆ ಬೇಕು, ಚಿಕಿತ್ಸೆಯೂ ಇದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.