ಮಹಿಳಾ ಕ್ರಿಕೆಟ್ ವೃತ್ತಿಯಾಗಿ: ವಿಜಯಪುರದ ರಾಜೇಶ್ವರಿ ಗಾಯಕವಾಡ್ ಅವರ ಆರಂಭಿಕ ವರ್ಷಗಳು

ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಹಾಗೂ ಆಳಂದ, ಅಫಜಲಪುರ ಭಾಗದ ಗ್ರಾಮಗಳಲ್ಲಿ ಮಗಳು ಕ್ರಿಕೆಟ್ ಆಡಬಯಸಿದಾಗ ಪಾಲಕರಲ್ಲಿ ಉದ್ಭವಿಸುವ ಮೊದಲ ಪ್ರಶ್ನೆ, ಈ ಆಟವು ಜೀವನೋಪಾಯವಾಗಬಲ್ಲದೇ ಎಂಬುದು. ನೆರೆಯ ವಿಜಯಪುರದ ಎಡಗೈ ಸ್ಪಿನ್ ಬೌಲರ್ ಶ್ರೀಮತಿ/ಕುಮಾರಿ ಎಂಬ ಭೇದವಿಲ್ಲದೆ ನಾಡಿಗೆ ಪರಿಚಿತರಾದ ರಾಜೇಶ್ವರಿ ಗಾಯಕವಾಡ್ ಅವರ ಆರಂಭಿಕ ವರ್ಷಗಳು ಈ ಪ್ರಶ್ನೆಗೆ ಉತ್ತರ ನೀಡುತ್ತವೆ.

1. ಆಟದ ಆರಂಭ

ಇವರು 1991ರ ಜೂನ್ 1ರಂದು ಜನಿಸಿದರು. ತಂದೆ ಶಾಲಾ ಶಿಕ್ಷಕರಾಗಿದ್ದರು. ಮೊದಲು ಜಾವೆಲಿನ್ ಎಸೆತ ಮೊದಲಾದ ಆಟಗಳಲ್ಲಿ ತೊಡಗಿದ್ದ ಇವರು, ಅಂದಿನ ಬಿಜಾಪುರ ನಗರದಲ್ಲಿ ಬಾಲಕಿಯರಿಗೆ ಕ್ರಿಕೆಟ್ ತರಬೇತಿ ದೊರೆತ ನಂತರ ಈ ಆಟಕ್ಕೆ ಬಂದರು. ಮಹಿಳಾ ಕ್ರಿಕೆಟ್‌ನ ಆಡಳಿತವು ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧೀನಕ್ಕೆ ಬಂದದ್ದು 2006ರಲ್ಲಿ. ಅದಕ್ಕೂ ಮೊದಲು, 1976ರಲ್ಲಿ, ಬೆಂಗಳೂರಿನ ಶಾಂತಾ ರಂಗಸ್ವಾಮಿ ಅವರು ಭಾರತ ತಂಡದ ನಾಯಕಿಯಾಗಿದ್ದರು. ಆದರೆ ರಾಜಧಾನಿಯಿಂದ ದೂರವಿರುವ ಜಿಲ್ಲೆಗಳ ಬಾಲಕಿಯರಿಗೆ ಊರಿನಲ್ಲಿಯೇ ತರಬೇತಿ ದೊರೆಯುವುದು ಅಪರೂಪವಾಗಿತ್ತು.

2. ಭಾರತ ತಂಡಕ್ಕೆ ಪ್ರವೇಶ

ಕರ್ನಾಟಕ ತಂಡದಲ್ಲಿ ಆಡಿದ ಇವರು 2014ರ ಜನವರಿ 19ರಂದು ಶ್ರೀಲಂಕಾ ವಿರುದ್ಧ ಪ್ರಥಮ ಏಕದಿನ ಅಂತರರಾಷ್ಟ್ರೀಯ ಪಂದ್ಯವನ್ನಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಪಂದ್ಯಕ್ಕೂ ಪದಾರ್ಪಣೆ ಮಾಡಿದರು. ಅದೇ ವರ್ಷ ತಂದೆಯವರು ನಿಧನ ಹೊಂದಿದ್ದರಿಂದ ಕುಟುಂಬದ ಹೊಣೆಯೂ ಇವರ ಮೇಲೆ ಬಂದಿತು.

3. ಆದಾಯದ ಸ್ಥಿತಿ

ಭಾರತ ತಂಡಕ್ಕೆ ಆಯ್ಕೆಯಾದ ಮಾತ್ರಕ್ಕೆ ಆಗ ನಿಶ್ಚಿತ ಆದಾಯ ದೊರೆಯುತ್ತಿರಲಿಲ್ಲ. ಮಂಡಳಿಯು ಮಹಿಳಾ ಆಟಗಾರ್ತಿಯರಿಗೆ ವಾರ್ಷಿಕ ಗುತ್ತಿಗೆ ಪದ್ಧತಿಯನ್ನು ಪ್ರಕಟಿಸಿದ್ದು 2015ರಲ್ಲಿ. ಅದರಂತೆ ಎ ಶ್ರೇಣಿಗೆ ರೂ. 15 ಲಕ್ಷ ಹಾಗೂ ಬಿ ಶ್ರೇಣಿಗೆ ರೂ. 10 ಲಕ್ಷ ನಿಗದಿಯಾಯಿತು. ಎರಡೂ ಶ್ರೇಣಿಗಳಲ್ಲಿ ಒಟ್ಟು 11 ಆಟಗಾರ್ತಿಯರಿದ್ದರು. ಉಳಿದವರಿಗೆ ಕ್ರೀಡಾ ಕೋಟಾದ ನೌಕರಿಯೇ ಮುಖ್ಯ ಆಧಾರವಾಗಿತ್ತು. ಇಂತಹ ನೌಕರಿ ನೀಡುವಲ್ಲಿ ರೈಲ್ವೆ ಇಲಾಖೆಯು ಮುಂಚೂಣಿಯಲ್ಲಿದ್ದು, ರಾಜೇಶ್ವರಿ ಅವರೂ ಮುಂದೆ ರೈಲ್ವೆ ತಂಡದ ಪರವಾಗಿ ಆಡಿದರು.

4. 2017ರ ವಿಶ್ವಕಪ್

ಇಂಗ್ಲೆಂಡಿನಲ್ಲಿ ನಡೆದ ಈ ವಿಶ್ವಕಪ್‌ನ ಮೊದಲ ಆರು ಪಂದ್ಯಗಳಲ್ಲಿ ಇವರಿಗೆ ಅವಕಾಶ ದೊರೆಯಲಿಲ್ಲ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಗೆದ್ದರೆ ಮಾತ್ರ ಭಾರತಕ್ಕೆ ಸೆಮಿಫೈನಲ್ ಪ್ರವೇಶವಿತ್ತು. ಆ ಪಂದ್ಯದಲ್ಲಿ ಕಣಕ್ಕಿಳಿದ ಇವರು 7.3 ಓವರುಗಳಲ್ಲಿ 15 ರನ್ ನೀಡಿ 5 ವಿಕೆಟ್ ಪಡೆದರು. ನ್ಯೂಜಿಲೆಂಡ್ 79 ರನ್ನುಗಳಿಗೆ ಆಲೌಟಾಗಿ, ಭಾರತವು 186 ರನ್ನುಗಳಿಂದ ಜಯಗಳಿಸಿತು. ಕಡೂರಿನ ವೇದಾ ಕೃಷ್ಣಮೂರ್ತಿ ಅವರು ಇದೇ ಪಂದ್ಯದಲ್ಲಿ 70 ರನ್ ಗಳಿಸಿದರು. ಜುಲೈ 23ರ ಫೈನಲ್‌ನಲ್ಲಿ ಭಾರತವು ಇಂಗ್ಲೆಂಡಿಗೆ 9 ರನ್ನುಗಳಿಂದ ಸೋತಿತು.

ತಂಡವು ಸ್ವದೇಶಕ್ಕೆ ಮರಳಿದ ನಂತರ ಕಾರೊಂದನ್ನು ಬಹುಮಾನವಾಗಿ ನೀಡಲು ಮುಂದಾದಾಗ, ತಮ್ಮ ಕುಟುಂಬಕ್ಕೆ ಕಾರಿಗಿಂತ ಮನೆಯ ಅಗತ್ಯವಿದೆಯೆಂದು ಇವರು ತಿಳಿಸಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ವಿಶ್ವಕಪ್ ಫೈನಲ್ ಆಡಿದ ಆಟಗಾರ್ತಿಯ ಕುಟುಂಬದ ಅಂದಿನ ಸ್ಥಿತಿ ಇದರಿಂದ ತಿಳಿದುಬರುತ್ತದೆ.

5. ನಂತರದ ಬದಲಾವಣೆಗಳು

ಪುರುಷರಿಗೂ ಮಹಿಳೆಯರಿಗೂ ಸಮಾನ ಪಂದ್ಯ ಶುಲ್ಕ ನೀಡಲು ಮಂಡಳಿಯು 2022ರ ಅಕ್ಟೋಬರ್‌ನಲ್ಲಿ ನಿರ್ಧರಿಸಿತು. ಅದರಂತೆ ಟೆಸ್ಟ್‌ಗೆ ರೂ. 15 ಲಕ್ಷ, ಏಕದಿನ ಪಂದ್ಯಕ್ಕೆ ರೂ. 6 ಲಕ್ಷ ಹಾಗೂ ಟಿ-20 ಪಂದ್ಯಕ್ಕೆ ರೂ. 3 ಲಕ್ಷ ನಿಗದಿಯಾಯಿತು. 2023ರಲ್ಲಿ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಯುಪಿ ವಾರಿಯರ್ಸ್ ತಂಡವು ರಾಜೇಶ್ವರಿ ಅವರನ್ನು ರೂ. 40 ಲಕ್ಷಕ್ಕೆ ಪಡೆಯಿತು.

6. ಪಾಲಕರ ಗಮನಕ್ಕೆ

ಅ) ಬೇರೆ ಕ್ರೀಡೆಯಿಂದ ಕ್ರಿಕೆಟ್‌ಗೆ ಬಂದವರೂ ಮುಂದೆ ಬರಬಹುದು, ಎಸೆತದ ಕ್ರೀಡೆಗಳಿಂದ ಬಂದ ಭುಜಬಲ ವ್ಯರ್ಥವಾಗುವುದಿಲ್ಲ.

ಆ) ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯಕ್ಕೆ ಕಲಬುರಗಿ ಜಿಲ್ಲೆಯು ಸೇರಿದೆ. ವಯೋಮಿತಿಯ ಪಂದ್ಯಗಳಿಗೆ ಜನನ ಪ್ರಮಾಣಪತ್ರ ಅವಶ್ಯಕವಾದುದರಿಂದ ಅದನ್ನು ಮೊದಲೇ ಪಡೆದಿರುವುದು ಸೂಕ್ತ.

ಇ) ಆದಾಯವು ಆರಂಭವಾಗುವುದು ಉನ್ನತ ಹಂತ ತಲುಪಿದ ನಂತರ. ಅಲ್ಲಿಯವರೆಗಿನ ಪ್ರಯಾಣ ಹಾಗೂ ಸಾಮಗ್ರಿಗಳ ವೆಚ್ಚವನ್ನು ಕುಟುಂಬವೇ ಭರಿಸಬೇಕಾಗುವುದರಿಂದ, ಮಗಳ ವಿದ್ಯಾಭ್ಯಾಸವನ್ನು ನಿಲ್ಲಿಸದೆ ಆಟವನ್ನು ಮುಂದುವರಿಸುವುದು ಹಿತಕರ.